ಶೇಖವ್ವನ ಕೈಗುಣ

ರಾಜಗೋಪಾಲನಗರದ ವಠಾರಗಳಲ್ಲಿ ಹೆರಿಗೆಯಾಯಿತೆಂದರೆ ಮೊದಲು ಕರೆ ಬರುತ್ತಿದ್ದುದು ಶೇಖವ್ವನಿಗೆ. ಬಾಗಲಕೋಟೆ ಕಡೆಯಿಂದ ಬಂದ ಈ ಹೆಂಗಸು ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ಎರೆಯುವುದರಲ್ಲಿ ಪಳಗಿದವಳು. ಅವಳ ಕೈ ಬಿದ್ದರೆ ಎಂಥ ಮೈನೋವೂ ಹೇಳದೆ ಕೇಳದೆ ಓಡಿಹೋಗುತ್ತದೆ ಎಂದು ಹೆಸರು. ಬಾಣಂತಿ ಅತ್ತರೂ ಬಿಡುತ್ತಿರಲಿಲ್ಲ. ಅಳದಂತೆ ತಿಕ್ಕಿದರೆ ಅದೇನು ತಿಕ್ಕಿದಂತೆ ಎಂಬುದು ಅವಳ ಶಾಸ್ತ್ರ. ಎದುರಾಡಲು ಯಾರಿಗೆ ಧೈರ್ಯ?

ಇಂಥವಳ ಮಗಳು ಶಿವಗಂಗಾಳ ಕೈಯೇ ಊದಿಕೊಂಡಿತು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವಳು. ಹಿಂದಿನ ವರ್ಷ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಕಂಡು ಆಪರೇಷನ್ ಆಗಿತ್ತು. ಗಡ್ಡೆ ಹೋಯಿತು, ಜೀವ ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಬಲಗೈ ಬಾತು ಬಳೆ ಏರದಂತಾಯಿತು. ಮಷಿನ್ ಮುಂದೆ ಕೂತರೆ ಬಟ್ಟೆ ಹಿಡಿಯಲಾಗದು. ಈ ಕೈ ಹೋದರೆ ಮಗಳ ಗತಿಯೇನು ಎಂದು ಶೇಖವ್ವನಿಗೆ ಅನ್ನ ಸೇರುತ್ತಿರಲಿಲ್ಲ.

ಆಸ್ಪತ್ರೆಯವರು ಫಿಸಿಯೋಥೆರಪಿ ಮಾಡುವ ಮಾಲಾ ಹತ್ತಿರ ಕಳಿಸಿದರು. ಮಸಾಜ್ ಎಂದ ಕೂಡಲೇ ಶೇಖವ್ವನಿಗೆ ಧೈರ್ಯ ಬಂತು; ಇದು ತನ್ನದೇ ವಿದ್ಯೆಯಲ್ಲವೇ. ಆದರೆ ಮಾಲಾ ಎಣ್ಣೆಯನ್ನೇ ಮುಟ್ಟಲಿಲ್ಲ. ಊದಿದ ಕೈ ಬಿಟ್ಟು ಮೊದಲು ಕುತ್ತಿಗೆ, ಆಮೇಲೆ ಎಡಗಂಕುಳು, ಎದೆಯ ಮೇಲ್ಭಾಗ ಎಂದು ಚರ್ಮವನ್ನಷ್ಟೇ ಮೆಲ್ಲಗೆ ಸರಿಸುತ್ತ ಕೂತಳು. ಊದಿದ ಕೈಗೆ ಬಂದದ್ದು ಕೊನೆಗೆ, ಅದೂ ಮಲಗಿದ ಕೂಸಿನ ಕೆನ್ನೆ ಸವರಿದಂತೆ. ಬಳಿಕ ಬೆರಳಿನಿಂದ ತೋಳಿನವರೆಗೆ ಬ್ಯಾಂಡೇಜು ಸುತ್ತಿದಳು.

“ಬಲಗಂಕುಳಲ್ಲಿ ಮೈನೀರು ಸೋಸೋ ಗಂಟುಗಳನ್ನ ಆಪರೇಷನ್‌ನಲ್ಲಿ ತೆಗೆದಿದ್ದಾರೆ ಅಮ್ಮಾ. ನೀರು ಹರಿಯೋ ದಾರಿ ಕಟ್ಟಿದೆ. ಬೇರೆ ಕಡೆ ದಾರಿ ಬಿಡಿಸಿ ಆಮೇಲೆ ಈ ಕೈಯ ನೀರನ್ನ ಕಳಿಸ್ಬೇಕು. ಜೋರಾಗಿ ಒತ್ತಬಾರ್ದು, ಬಿಸಿನೀರು ಬೇಡ,” ಎಂದಳು. ಪೂರ್ತಿ ವಾಸಿಯಾಗುತ್ತದೆಂದು ಹೇಳಲಾರೆ, ತಪ್ಪದೆ ಮಾಡಿಸಿದರೆ ಹತೋಟಿಯಲ್ಲಿರುತ್ತದೆ ಎಂದೂ ಸೇರಿಸಿದಳು.

ಶೇಖವ್ವನ ತಲೆಗೆ ಹೋಗಲಿಲ್ಲ. ಮೆಟ್ರೋ ಕಾಮಗಾರಿಯ ಧೂಳಿನಲ್ಲಿ ಬಸ್ಸಿಗೆ ಕಾಯುತ್ತ, “ಬೆಕ್ಕಿನ ಮೈ ಸವರಿದಂಗ ಸವರಿದ್ರ ಬಾವು ಇಳೀತೈತೇನ?” ಎಂದು ಗೊಣಗಿದಳು.

ಭಾನುವಾರ ಅಳಿಯ ಮುತ್ತು ಪಾಳಿಗೆ ಹೋದ ಮೇಲೆ, ಬ್ಯಾಂಡೇಜು ಬಿಚ್ಚಿ ಮಗಳನ್ನು ಬಚ್ಚಲಲ್ಲಿ ಕೂರಿಸಿದಳು. ಹರಳೆಣ್ಣೆ ಕಾಯಿಸಿ, ಹೆಬ್ಬೆರಳೂರಿ ತೋಳೆಲ್ಲ ತಿಕ್ಕಿದಳು.

“ಸಾಕಬೇ, ಉರಿಯಾಕತ್ತೈತಿ,” ಎಂದಳು ಶಿವಗಂಗಾ.

“ತಡಿ. ನೋವು ಹೊರಗ ಬರಾಕತ್ತೈತಿ.”

ಮಗಳು ಅಳತೊಡಗಿದಳು. ಶೇಖವ್ವ ಕೈ ನಿಲ್ಲಿಸಲಿಲ್ಲ. ಮೇಲೆ ಹೊಗೆಯಾಡುವ ನೀರನ್ನೂ ಸುರಿದಳು. ಪ್ರೀತಿಯಿಂದಲೇ ಸುರಿದಳು, ಅದೇ ದೊಡ್ಡ ಸಂಕಟ.

ಮರುದಿನ ಬೆಳಗ್ಗೆ ಕೈ ಕೆಂಪಗೆ ಕೆಂಡವಾಗಿತ್ತು, ಮೈಯೆಲ್ಲ ಚಳಿಜ್ವರ. ಆಸ್ಪತ್ರೆಗೆ ಸೇರಿಸಿದರು. ಕೈಗೆ ಸೋಂಕು ತಗುಲಿದೆ, ಅದು ಇಳಿಯುವ ತನಕ ತಾನೂ ಮುಟ್ಟುವಂತಿಲ್ಲ ಎಂದಳು ಮಾಲಾ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ತಾಯಿ, ಉಂಡವಳು ಮಗಳು. ಶೇಖವ್ವ ಮಂಚದ ಪಕ್ಕ ಕೂತು, ತನ್ನ ಕೈಗಳನ್ನು ನೋಡಲೂ ಹೇಸಿದಳು. ಬಾಣಂತಿಯರ ಮನೆಯಿಂದ ಕರೆ ಬಂದರೂ ಹೋಗಲಿಲ್ಲ.

ಜ್ವರ ಇಳಿದು ಕೆಂಪು ಮಾಯವಾದ ಮೇಲೆ ಮಾಲಾ ಮತ್ತೆ ಶುರುಮಾಡಿದಳು. ಮನೆಯಲ್ಲಿ ಮಾಡಲು ಒಬ್ಬರು ಕಲಿಯಬೇಕೆಂದಳು. ಶೇಖವ್ವ ಮುಂದೆ ಬಂದಳು.

“ನಾ ಕಲೀತೇನ್ರಿ. ಹಗೂರ ಮಾಡ್ತೇನಿ.”

ಮಾಲಾ ತನ್ನ ತೋಳನ್ನೇ ಚಾಚಿದಳು. ಶೇಖವ್ವ ಉಸಿರು ಬಿಗಿಹಿಡಿದು ಸವರಿದಳು. “ಸರಿಯಾಗೇ ಮಾಡ್ತೀರಲ್ಲಮ್ಮಾ,” ಎಂದಳು ಮಾಲಾ.

ಶಿವಗಂಗಾ ತಲೆ ಎತ್ತಲಿಲ್ಲ. “ಬ್ಯಾಡ್ರಿ ಮೇಡಂ. ನನ್ನ ಗಂಡಗ ಕಲಸ್ರಿ.”

“ಯಾಕ ಗಂಗಾ? ನನ್ನ ಕೈ ಹಗೂರ ಆಗೈತಲ್ಲ?”

“ಆಗೈತಬೇ. ಆದ್ರ ಸಾಕು ಅಂದ್ರ ನೀ ನಿಲ್ಲಸಾಂಗಿಲ್ಲ. ಅವ ನಿಲ್ಲಸ್ತಾನ.”

ಶೇಖವ್ವ ಬಾಗಿಲ ಬಳಿ ನಿಂತಿದ್ದ ಮುತ್ತುವಿಗೆ ಜಾಗ ಬಿಟ್ಟು ಹಿಂದೆ ಸರಿದಳು. ಅವನು ಹೆದರುತ್ತಲೇ ಬಂದು ಹೆಂಡತಿಯ ಕುತ್ತಿಗೆಯ ಮೇಲೆ ಕೈಯಿಟ್ಟು, “ನೋವಾಕ್ಕೈತೇನ?” ಎಂದು ಕೇಳಿದ.