ತಳ ಕಾಣುವ ನೀರಿನ ಕುರಿತು ಅರಿಕೆ

ಮಾನ್ಯ ಓದುಗರ ಸನ್ನಿಧಿಗೆ, ಸಿಂದಗಿ ತಾಲೂಕಿನ ದೇವಣಗಾಂವದವನಾಗಿದ್ದು ಸದ್ಯ ಗೋವೆಯಲ್ಲಿರುವ ನಾನು ತಿಳಿಯಪಡಿಸುವುದೇನೆಂದರೆ: ಇಲ್ಲಿನ ಒಂದು ಮನೆಯ ಹಿತ್ತಲಲ್ಲಿ ಯಾರೂ ಕುಡಿಯದ, ಎಮ್ಮೆಗೂ ಕುಡಿಸದ ನೀರು ತುಂಬಿ ನಿಂತಿದೆ. ಆಳದಲ್ಲಿ ಬಿದ್ದ ಹೇರ್‌ಪಿನ್ನು ಸಹ ಮೇಲಿನಿಂದ ಕಾಣುತ್ತದೆ. ಮೊದಲ ದಿನ ಅದನ್ನು ಕಂಡು ನಾನು ಹಿಂದೆ ಸರಿದೆನು. ಅಷ್ಟು ನೀರಿನ ತಳವನ್ನು ಅದುವರೆಗೆ ನೋಡಿರಲಿಲ್ಲ.

ಸದರಿ ಈಜುಕೊಳವನ್ನು ನೋಡಿಕೊಳ್ಳುವ ಕೆಲಸ ಕೊಡಿಸಿದವರು ಇದೇ ಮನೆಯಲ್ಲಿ ಮೊದಲಿನಿಂದ ದುಡಿಯುತ್ತಿರುವ ಹೂವಿನ ಹಿಪ್ಪರಗಿಯ ಮಲಕಾಜಪ್ಪ ಕಾಕಾ. ಘಟ್ಟ ಇಳಿದು ಬಂದವರನ್ನು ಇಲ್ಲಿ ‘ಘಾಟಿ’ ಎನ್ನುತ್ತಾರೆ. ಘಾಟಿಗಳಿಗೆ ಬಾಡಿಗೆ ಮನೆ ಸಿಗುವುದು ದುರ್ಲಭವಾದ್ದರಿಂದ ಪಂಪಿನ ಕೋಣೆಯಲ್ಲಿಯೇ ನನ್ನ ವಾಸ. ಊಟಕ್ಕೆ ದಪ್ಪ ಕುಸುಬಲಕ್ಕಿ ಅನ್ನ. ರೊಟ್ಟಿ ಬಡಿಯುವ ಸಪ್ಪಳವಿಲ್ಲದೆ ಹಸಿವೆಯಾದದ್ದೇ ತಿಳಿಯುವುದಿಲ್ಲ.

ಪ್ರತಿದಿನ ಬೆಳಗ್ಗೆ ಎರಡು ಗಾಜಿನ ನಳಿಕೆಗಳಲ್ಲಿ ನೀರು ತುಂಬಿ ಔಷಧಿಯ ಹನಿ ಹಾಕಬೇಕು. ಹಳದಿ ಬಣ್ಣವು ಕ್ಲೋರಿನ್ನಿನ ಪ್ರಮಾಣವನ್ನೂ, ಕೆಂಪು ಬಣ್ಣವು ಹುಳಿ-ಕ್ಷಾರಗಳ ಸಮತೋಲವನ್ನೂ ಹೇಳುತ್ತವೆ. ಕಾಕಾ ಕಲಿಸಿದ ಮೊದಲ ಪಾಠ ಹೀಗಿತ್ತು: “ನೀರಾಗ ನಿನ್ನ ಮಾರಿ ನೋಡಬ್ಯಾಡ, ಬಣ್ಣಾ ನೋಡು. ಮಾರಿ ಏನ್ ಸುಧಾರಸಾಂಗಿಲ್ಲ.”

ಕಾಕಾ ರಜೆಯ ಮೇಲೆ ಊರಿಗೆ ಹೋಗಿದ್ದಾಗ ಮಳೆ ಹಿಡಿದು ನೀರು ಹಸಿರಾಯಿತು. ನಮ್ಮಲ್ಲಿ ಭೀಮಾ ಹೊಳೆಯ ನೀರು ಕೆಂಪಾದಾಗ ಬಾವಿಗೆ ಸುಣ್ಣ ಹಾಕುವ ವಾಡಿಕೆಯಷ್ಟೇ. ಅದರಂತೆ ನಾನು ಎರಡು ಬಕೀಟು ಸುಣ್ಣ ಕಲಸಿ ಸುರಿದೆನು. ನೀರು ಹಾಲಿನಂತೆ ಬೆಳ್ಳಗಾಗಿ ತಳ ಕಾಣದಾಯಿತು.

ಅಂಥ ಬಿಳಿ ನೀರನ್ನು ಹಿಂದೆ ಒಮ್ಮೆ ನೋಡಿದ್ದೆನು. ನಮ್ಮ ಬಾವಿಗೆ ನಾನೇ ಸುಣ್ಣ ಸುರಿದ ದಿನ, ನೀರು ತಿಳಿಯಾಗುವ ಮೊದಲೇ, ತಂಗಿ ಶಿವಲೀಲಾ ಕೊಡ ಹಿಡಿದು ಹೋಗಿ ಕಾಲು ಜಾರಿದಳು. ಕೊಡ ತೇಲುತ್ತಿತ್ತು. ಹತ್ತು ಜನ ಬಗ್ಗಿ ನೋಡಿದರೂ ಯಾರಿಗೂ ಏನೂ ಕಾಣಲಿಲ್ಲ. ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುಣ್ಣದ ವಿಷಯವನ್ನು ಮನೆಯಲ್ಲಿ ಇಂದಿಗೂ ಯಾರೂ ಎತ್ತಿರುವುದಿಲ್ಲ.

ಇಲ್ಲಿ ‘ಪಾತ್ರಾಂವ’ ಎಂದರೆ ಯಜಮಾನರು; ಅವರ ಮಗಳು ರೀಟಾ ಆ ಬಿಳಿ ನೀರಿನಲ್ಲಿಯೇ ಈಜಲು ಬಂದಳು. ನಾನು ಮೆಟ್ಟಿಲಿಗೆ ಅಡ್ಡ ನಿಂತೆನು. ಘಾಟಿಯೊಬ್ಬ ತಮ್ಮ ಮಗಳನ್ನು ತಡೆಯುವುದೇ ಎಂದು ಪಾತ್ರಾಂವ ಹಿಂದಿಯಲ್ಲಿ ಗದರಿ, ಗಂಟುಮೂಟೆ ಕಟ್ಟು ಎಂದರು. ತಳ ಕಾಣುವವರೆಗೆ ಇಳಿಯಗೊಡಲಾರೆನೆಂದು ನಿವೇದಿಸಿಕೊಂಡು, ಅಲ್ಲಿಯೇ ನಿಂತೆನು. ಮಗಳೇ ಬೇಸತ್ತು ಒಳಗೆ ಹೋದಳು.

ಮರುದಿನ ಬಂದ ಕಾಕಾ ಕ್ಷಾರ ಹೆಚ್ಚಾಗಿ ನೇರಳೆಗಟ್ಟಿದ ನಳಿಕೆಯನ್ನು ಬೆಳಕಿಗೆ ಹಿಡಿದರು.

“ಸುಣ್ಣಾ ಹಾಕೀದಿ?”

“ಹೌದ್ರಿ.”

“ಊರ ಬಾವ್ಯಾಗ ಹಾಕಿದಂಗ?”

ನಾನು ಖಾಲಿ ಬಕೀಟನ್ನು ಬೋರಲು ಹಾಕಿದೆನು. ತಂಗಿಯ ಸಂಗತಿ ಅವರಿಗೆ ತಿಳಿದಿತ್ತು. ಪಾತ್ರಾಂವರ ಬಳಿ ಹೋಗಿ ನನ್ನ ಕೆಲಸ ಉಳಿಯುವಂತೆ ಮಾತಾಡಿ ಬಂದು, ಆಸಿಡ್ಡಿನ ಡಬ್ಬಿ ತೆರೆದರು. ಸ್ವಲ್ಪ ಸ್ವಲ್ಪವೇ ಬೆರೆಸುತ್ತ, ನೀರು ಸೋಸುತ್ತ ಇದ್ದಾಗ ಮೂರನೆಯ ದಿನ ತಳದ ಜಾಲರಿ ಕಂಡಿತು. ರೀಟಾ ಜಿಗಿದಳು. ಅವಳು ಮೇಲೆ ಬರುವವರೆಗೆ ನಾನು ಉಸಿರು ಬಿಡಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ನಳಿಕೆಗಳನ್ನು ಒಯ್ದು ನಮ್ಮ ಬಾವಿಯ ನೀರನ್ನು ಪರೀಕ್ಷಿಸಿದೆನು. ಬಣ್ಣ ಸರಿಯಾಗಿತ್ತು. ಅವ್ವ ಬಾವಿಯ ಕಟ್ಟೆಯ ಬಳಿ ನಿಂತಿದ್ದಳು.

“ಗೋವಾದಾಗ ನೀರಿನ ತಳಾ ಕಾಣತೈತಂತಲ್ಲೋ?”

“ಕಾಣತೈತಿ ಅವ್ವಾ.”

“ಅಲ್ಲಿ ಯಾರೂ ಇಲ್ಲಲ್ಲ?”

ಯಾರೂ ಇಲ್ಲವೆಂದೆನು. ಆದರೂ ದಿನಾಲು ಬೆಳಗ್ಗೆ, ಬಣ್ಣ ನೋಡುವ ಮೊದಲು, ಇಲ್ಲಿನ ತಳದಲ್ಲಿ ತಂಗಿಯನ್ನು ಹುಡುಕುತ್ತೇನೆ.

ಆದಕಾರಣ ಈ ಪತ್ರದ ಕೊನೆಗೆ ‘ಕಾಯಂ ವಿಳಾಸ’ ಎಂದು ಬರೆದು, ಊರಿನ ಬಾವಿಯೋ ಇಲ್ಲಿನ ಕೊಳವೋ ತಿಳಿಯದೆ, ಮುಂದಿನ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ.