ನಡುವೆ ಬರಬೇಡಿ ಎಂದ ಮಲ್ಲಪ್ಪ

ಜಗಳ ಬಿಡಿಸುವ ವಾಚ್‌ಮನ್‌ಗಳನ್ನು ನೋಡಿದ್ದೇನೆ. ಬಿಡಿಸಲು ಬಂದವರನ್ನೇ ಓಡಿಸುತ್ತಿದ್ದವನು ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಮಲ್ಲಪ್ಪ ಒಬ್ಬನೇ. ಕಾರು ಉಜ್ಜಿತೆಂದು ಇಬ್ಬರು ಕಾಲರ್ ಹಿಡಿದುಕೊಂಡಾಗ ಸೆಕ್ರೆಟರಿ ಸಮಾಧಾನಕ್ಕೆ ಓಡಿಬಂದರು. ಮಲ್ಲಪ್ಪ ಲಾಠಿ ಅಡ್ಡ ಹಿಡಿದ. "ನೀವ್ಯಾಕ ನಡುವ ಬರ್ತೀರಿ? ಸಾಕು ಅನ್ನಾಕ ಹೊಡತ ತಿಂದಾವ ಬೇಕ್ರಿ."

ಬಾಗಲಕೋಟೆ ಕಡೆಯವನು. ಒಬ್ಬನೇ ಮಗ ಬಸು ಸೈನ್ಯ ಸೇರಿ, ಗಡಿಯಲ್ಲಿ ಶೆಲ್ ಬಿದ್ದು ಸತ್ತಿದ್ದ. ಅದೂ ಕದನ ವಿರಾಮ ಇದ್ದಾಗ. ಗೇಟಿನ ಪಕ್ಕದ ಕೋಣೆಯಲ್ಲಿ ಮಗನ ಫೋಟೊ ಇತ್ತು, ಹಾರ ಇರಲಿಲ್ಲ. "ಅವನ್ನ ಹೊಡದ ಗಡಿ ಆಚೀ ಚೌಕಿ ಪುಡಿಪುಡಿ ಆದ ದಿನ ಹಾರ ಹಾಕ್ತೀನ್ರಿ" ಎನ್ನುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಪಕ್ಕದ ದೇಶದ ಜೊತೆ ಮತ್ತೆ ಗುಂಡು ಶುರುವಾಯಿತು. ಸೈನ್ಯದಲ್ಲಿರುವ ನನ್ನ ಅಳಿಯ ಗಡಿಯಲ್ಲಿದ್ದ, ಬಸುರಿ ಮಗಳು ನಮ್ಮ ಮನೆಯಲ್ಲಿದ್ದಳು. ನಾನು ಟೀವಿ ಮುಂದೆ ಕೂತು ಹರಕೆ ಹೊರುತ್ತಿದ್ದರೆ, ಕೆಳಗೆ ಮಲ್ಲಪ್ಪ ಮೊಬೈಲ್ ನೋಡುತ್ತ "ಹಾಕ್ರಿ, ಇನ್ನೊಂದು ಹಾಕ್ರಿ" ಎಂದು ಕೂಗುತ್ತಿದ್ದ. ಏರ್‌ಫೋರ್ಸ್ ವಿಮಾನ ತಲೆಯ ಮೇಲೆ ಹೋದರೆ ಸೆಲ್ಯೂಟ್ ಹೊಡೆಯುತ್ತಿದ್ದ.

ವಾರ ಕಳೆಯುವುದರೊಳಗೆ ದೂರದ ದೇಶದವರು ಮಧ್ಯಸ್ಥಿಕೆ ವಹಿಸಿ ಗುಂಡು ನಿಲ್ಲಿಸಲು ಎರಡೂ ಕಡೆಯವರನ್ನು ಒಪ್ಪಿಸಿದರು. ನಾನು ಪೇಡ ತಂದು ಮನೆಮನೆಗೆ ಹಂಚಿದೆ. ಆ ಖುಷಿಯಲ್ಲಿ ಬುದ್ಧಿ ಓಡಲಿಲ್ಲ, ಮಲ್ಲಪ್ಪನ ಕೈಗೂ ಒಂದು ಇಟ್ಟೆ.

ಅವನು ಅದನ್ನು ಬೂಟಿನಡಿ ಹಾಕಿ ಹೊಸಕಿದ. "ಅಕ್ಕಾರ, ಹೋದ ಸಲಾನೂ ಹಿಂಗ ಯಾರೋ ಬಂದು ಕೈ ಕುಲುಕಿಸಿದ್ರು. ಆಮ್ಯಾಲ ಹದಿನೆಂಟು ದಿನಕ್ಕ ನನ್ನ ಬಸು ಸತ್ತ. ಕುರ್ಚಿ ಮ್ಯಾಲ ಕುಂತಾವ್ರು ನನ್ನ ಕೇಳಿದ್ರೇನ್ರಿ?"

"ನಮ್ಮ ಅಳಿಯ ಉಳ್ಕೊಂಡ್ನಲ್ಲಪ್ಪ" ಎಂದೆ.

"ನಿಮ್ಮಾಂವ ಉಳದ."

ನನಗೆ ಸಿಟ್ಟು ಬಂತು, ಭಯವೂ ಆಯಿತು. ಮಗಳಿಗೆ ಬಯಕೆ ಎಂದು ಊರೆಲ್ಲ ಅಲೆದು ಮಾವಿನಕಾಯಿ ತಂದುಕೊಟ್ಟವನು ಇವನೇನಾ ಅನ್ನಿಸಿತು.

ರಜೆಗೆ ಬಂದ ಅಳಿಯನನ್ನು ಗೇಟಿನಲ್ಲೇ ತಡೆದು, "ಎಷ್ಟು ಮಂದೀನ ಹೊಡದ್ರಿ?" ಎಂದು ಕೇಳಿದ. "ಅಷ್ಟರಲ್ಲಿ ನಿಲ್ಸು ಅಂದ್ಬಿಟ್ರು" ಎಂದ ಅಳಿಯ. ಮಲ್ಲಪ್ಪ ಬೆನ್ನು ತಿರುಗಿಸಿದ. ಮರುದಿನವೇ ಕೆಲಸ ಬಿಟ್ಟು ಟ್ರಂಕು ಹೊತ್ತು ಊರಿಗೆ ಹೊರಟ. ಮಗಳನ್ನು ಕರೆದುಕೊಂಡು ಬೀಳ್ಕೊಡಲು ಹೋದೆ. ಅವಳ ಹೊಟ್ಟೆಯ ಕಡೆ ನೋಡಿ, "ಗಂಡಾದ್ರ ಫೋನ್ ಹಚ್ರಿ ಅಕ್ಕಾರ. ಬಸೂನ ಸೇಡು ತೀರ್ಸಾಕ ಒಬ್ಬಾವ ಬೇಕು" ಎಂದ.

ಮೊಮ್ಮಗನಿಗೆ ಈಗ ಏಳು ತಿಂಗಳು. ಮಲ್ಲಪ್ಪ ಎರಡು ಸಲ ಫೋನ್ ಮಾಡಿದ್ದ. ಹೆಣ್ಣು ಮಗು ಎಂದು ಹೇಳಿದ್ದೇನೆ.