ಅರಳೆಯಕ್ಕನ ಎದೆಯೊಳಗಿನ ಬೆಕ್ಕು

"ಅಮ್ಮಾ, ದೊಡ್ಡಮ್ಮನ ಎದೆ ಒಳಗೆ ಬೆಕ್ಕು ಹೇಗೆ ಹೋಯ್ತು?"

ಮಗಳು ಹೀಗೆ ಕೇಳಿದಾಗ ನಾನು ಬಟ್ಟೆ ಮಡಚುತ್ತಿದ್ದೆ. ಆಗಷ್ಟೇ ಕೆಳಗಿನ ಅಂಗಡಿಯಿಂದ ಬಂದಿದ್ದಳು. ತಲೆತುಂಬ ಹತ್ತಿಯ ಎಳೆ, ಕೆನ್ನೆಯ ಮೇಲೆ ನಿದ್ದೆಯ ಗೆರೆ. ದೊಡ್ಡಮ್ಮನ ಎದೆಗೊರಗಿ ಮಲಗಿದ್ದಳಂತೆ. ಒಳಗೊಂದು ಬೆಕ್ಕು ಗುರುಗುಟ್ಟುತ್ತಿತ್ತಂತೆ, ನಡುನಡುವೆ ಸೀಟಿಯನ್ನೂ ಊದುತ್ತಿತ್ತಂತೆ.

ಅವಳ ಈ ದೊಡ್ಡಮ್ಮ ನಮ್ಮ ನೆಂಟಳಲ್ಲ. ನಾವಿರುವ ಬಾಡಿಗೆ ಮನೆಯ ಕೆಳಗಡೆ ಹಾಸಿಗೆ, ದಿಂಬು ಮಾಡಿಕೊಡುವವಳು. ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಯಂತ್ರದಲ್ಲಿ ಹಿಂಜಿ, ಹಗುರಾದ ಅರಳೆಯನ್ನು ಮತ್ತೆ ತುಂಬಿ ಹೊಲಿಯುತ್ತಾಳೆ. ಅದಕ್ಕೇ ಬೀದಿಗೆಲ್ಲ ಅರಳೆಯಕ್ಕ. ಗಂಡ ಹೋದಮೇಲೂ ಅಂಗಡಿಯ ಬಾಗಿಲು ಹಾಕಲಿಲ್ಲ. "ಎಲ್ಲರೂ ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾನು ಕಾಲು ಅಳೆದು ಹಾಸಿಗೆ ಹೊಲಿಯೋಳು" ಎಂದು ನಗುತ್ತಾಳೆ.

ಮಧ್ಯಾಹ್ನದ ಬಿಸಿಲು ಓರೆಯಾಗಿ ಒಳಬಂದಾಗ ಆ ಅಂಗಡಿ ಮೋಡದೊಳಗಿನ ಕೋಣೆಯಂತಿರುತ್ತದೆ. ಎಳೆಗಳು ನೆಲಕ್ಕಿಳಿಯುವುದನ್ನೇ ಮರೆತು ತೇಲುತ್ತಿರುತ್ತವೆ. ಮಗು ಅಲ್ಲಿ ಮಲಗಿದರೆ ನನಗೂ ನೆಮ್ಮದಿ. ಅಷ್ಟು ಚೆಂದ ಕಾಣುವುದು ಧೂಳೇ ಅಲ್ಲವೇ ಎಂಬುದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ.

ಅಕ್ಕ ಈಚೆಗೆ ನಮ್ಮ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು, ಗೋಡೆಯಲ್ಲಿ ಏನೋ ಬರೆದಿದೆ ಎಂಬಂತೆ ನೋಡುತ್ತಿದ್ದಳು. ಗ್ಯಾಸು ಎನ್ನುತ್ತಿದ್ದಳು. ಎದುರಿನ ಟೈಲರ್ ಕೊಟ್ಟ ಮಾತ್ರೆ ನುಂಗುತ್ತಿದ್ದಳು. ಇಸ್ತ್ರಿಯವನು ಉಷ್ಣ ಎಂದದ್ದಕ್ಕೆ ತಣ್ಣೀರೂ ಕುಡಿದಾಗಿತ್ತು. ಬೆಕ್ಕಿನ ಸುದ್ದಿ ಕೇಳಿದ ಮೇಲೆ ನಾನು ಬಿಡಲಿಲ್ಲ. ಅಂಗಡಿಯ ಬಾಗಿಲು ನಾನೇ ಎಳೆದು, ಕೈಹಿಡಿದು ಡಾಕ್ಟರಮ್ಮನ ಬಳಿ ಕರೆದೊಯ್ದೆ.

ಡಾಕ್ಟರಮ್ಮ ಮೊದಲು ಹೃದಯವನ್ನು ನೋಡಿದರು. ನಡೆದಾಗ ಎದೆ ಅದುಮಿದಂತಾಗಿ ನಿಂತಾಗ ಬಿಡುತ್ತದೆಯೇ, ನೋವು ತೋಳಿಗೆ, ದವಡೆಗೆ ಹಬ್ಬುತ್ತದೆಯೇ, ಪಾದ ಊದುತ್ತದೆಯೇ, ಕಫದಲ್ಲಿ ರಕ್ತ ಬರುತ್ತದೆಯೇ ಎಂದೆಲ್ಲ ಕೇಳಿದರು. ಇಸಿಜಿಯಲ್ಲಿ ದೋಷ ಕಾಣಲಿಲ್ಲ. ಆಮೇಲೆ ಉಸಿರಿನ ಬಲ ಅಳೆಯುವ ಒಂದು ಕೊಳವೆಗೆ ಜೋರಾಗಿ ಊದಿಸಿದರು. ಅಕ್ಕ ಕೆನ್ನೆ ಉಬ್ಬಿಸಿ ಊದಿದಳು, ಮುಳ್ಳು ಮಾತ್ರ ಹೆಚ್ಚು ಮೇಲೇಳಲಿಲ್ಲ.

ಯಾವ ದಿನ ಹೆಚ್ಚು ಕಷ್ಟ ಎಂಬ ಪ್ರಶ್ನೆಗೆ ಅಕ್ಕ ಬಹಳ ಖಚಿತವಾಗಿ ಉತ್ತರಿಸಿದಳು.

"ರಜೆ ಮಾಡಿದ ಮಾರನೇ ದಿನ. ಭಾನುವಾರ ಆರಾಮಾಗಿರ್ತೀನಿ, ಸೋಮವಾರ ತುಂಬಿದ ಹಾಸಿಗೇನ ಎದೆ ಮೇಲೆ ಹೇರಿದ ಹಾಗೆ. ದುಡೀತಾ ದುಡೀತಾ ವಾರದ ಕೊನೆಗೆ ಹಗುರ ಆಗೋದು. ನನ್ನ ಎದೆಗೆ ಸೋಮಾರಿತನ ಒಗ್ಗಲ್ಲ ಅಂತ ರಜೆನೇ ಬಿಟ್ಟುಬಿಟ್ಟೆ. ಈಗ ನೋಡಿದ್ರೆ ದಿನಾ ಭಾರ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನಿಮ್ಮ ಎದೆ ಬೈದಿದ್ದು ರಜೆಗಲ್ಲ ಕಣಮ್ಮ, ಹತ್ತಿ ಧೂಳಿಗೆ."

ಹತ್ತಿಯ ಧೂಳು ಉಸಿರಿನ ಕೊಳವೆಗಳನ್ನು ಬಿಗಿಯುತ್ತದಂತೆ. ಬಿಡುವಿನ ನಂತರ ಧೂಳು ಮತ್ತೆ ಒಳಹೋದಾಗ ಆ ಬಿಗಿತ ಜಾಸ್ತಿ; ಬರಬರುತ್ತ ದೇಹ ಸುಮ್ಮನಾಗುತ್ತದೆ. ಸುಮ್ಮನಾದದ್ದು ವಾಸಿಯಾದದ್ದಲ್ಲ. ಹೀಗೇ ಬಿಟ್ಟರೆ ಕೊಳವೆ ಕಿರಿದಾಗಿಯೇ ಉಳಿಯಬಹುದು, ಈಗಲೇ ಧೂಳಿನಿಂದ ದೂರವಾದರೆ ಸಡಿಲವಾಗಬಹುದು ಎಂದರು. ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿ ಕೊಟ್ಟು, ಕೆಲವು ವಾರ ಅಂಗಡಿಗೆ ಕಾಲಿಡಬೇಡಿ ಎಂದರು. ಏಳುವಾಗ ಇನ್ನೊಂದು ಮಾತು: ಭಾರ ತೋಳಿಗೋ ದವಡೆಗೋ ಹಬ್ಬಿ ತಣ್ಣನೆ ಬೆವರು ಬಂದರೆ ಅದು ಬೇರೆಯೇ ಸಂಗತಿ, ಗ್ಯಾಸು ಎಂದು ಕೂರದೆ ತಕ್ಷಣ ಆಸ್ಪತ್ರೆಗೆ ಬರಬೇಕು.

ಮನೆ ಹತ್ತಿರವಾದಾಗ ಅಕ್ಕ, "ಹತ್ತಿ ಬಿಟ್ರೆ ನಾನು ಬರೀ ಚೀಲ ಕಣೇ" ಎಂದಳು.

ಸೋಮವಾರ ಬಂತು. ಖಾಲಿ ಕೂತರೆ ಭಾರ ಬಂದೇ ಬರುತ್ತದೆಂದು ಅವಳಿಗೆ ಇನ್ನೂ ಹೆದರಿಕೆ. ನಮ್ಮ ತಾರಸಿಯಲ್ಲಿ ಚಾಪೆ ಹಾಸಿ ಕೂರಿಸಿದೆ. ಬರುತ್ತೇನೆಂದ ನೆಂಟರನ್ನು ಕಾಯುವಂತೆ ಎದೆಯ ಮೇಲೆ ಕೈಯಿಟ್ಟು ಕಾದಳು. ಒಣಹಾಕಿದ ಸೀರೆಗಳು ಮೆಲ್ಲಗೆ ಉಸಿರಾಡುತ್ತಿದ್ದವು. ಮಗಳು ಅವಳ ತೊಡೆಯ ಮೇಲೆ ಅಂಗಾತ ಮಲಗಿ ಮೋಡ ನೋಡುತ್ತಿದ್ದಳು. ಅಕ್ಕನೂ ಕತ್ತೆತ್ತಿ ನೋಡಿ, "ಮೇಲಿನವನಿಗೆ ಹಿಂಜೋಕೆ ಬರಲ್ಲ, ಎಷ್ಟು ಗಂಟು ಬಿಟ್ಟಿದ್ದಾನೆ ನೋಡು" ಎಂದಳು. ಹೊತ್ತು ಜಾರಿತು, ನೆರಳು ಗೋಡೆ ದಾಟಿತು. ಭಾರ ಬರಲೇ ಇಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಇಷ್ಟು ವರ್ಷ ಭಾನುವಾರಾನ ಸುಮ್ಮನೆ ಬೈದೆ" ಎಂದಳು.

ಕೆಲವು ವಾರ ಕಳೆದು ಡಾಕ್ಟರಮ್ಮ ಮತ್ತೆ ಊದಿಸಿದಾಗ ಮುಳ್ಳು ಮೇಲೇರಿತ್ತು, ಪೂರ್ತಿ ಅಲ್ಲದಿದ್ದರೂ. ಹಿಂಜುವುದು, ತುಂಬುವುದು ಎರಡೂ ಇನ್ನು ಬೇಡವೇ ಬೇಡ ಎಂದರು ಡಾಕ್ಟರಮ್ಮ. ಧೂಳು ಹೀರುವ ಯಂತ್ರವಿರುವ ಗಿರಣಿಗೆ ಆ ಕೆಲಸ ಹೋಯಿತು. ಅಕ್ಕನಿಗೆ ಉಳಿದದ್ದು ಹಾಸಿಗೆ, ದಿಂಬಿನ ಗವಸು ಹೊಲಿಯುವುದು. ಅಂಗಡಿಯನ್ನು ಒದ್ದೆ ಬಟ್ಟೆಯಲ್ಲಿ ನಾನೇ ಒರೆಸಿದೆ. ಯಂತ್ರಕ್ಕೆ ಹಳೆಯ ಸೀರೆ ಹೊದಿಸಿ ಮೂಲೆಗೆ ತಳ್ಳಿದೆವು. ಮಾರುವ ಮಾತೆತ್ತಿದರೆ ಅವಳಿಗೆ ಕಿವಿ ಕೇಳುವುದಿಲ್ಲ.

ಇವತ್ತು ಅಂಗಡಿಯ ಬಾಗಿಲು ಮತ್ತೆ ತೆರೆದಳು. ಸಂಜೆ ಮೇಲೆ ಬಂದಳು, ಮೆಟ್ಟಿಲಲ್ಲಿ ಒಮ್ಮೆ ಮಾತ್ರ ನಿಂತಳು. ಮಗಳನ್ನು ಹತ್ತಿರ ಎಳೆದುಕೊಂಡು ನನಗೆ ಹೇಳಿದಳು:

"ಒಂದು ಉಪಕಾರ ಮಾಡ್ತೀಯಾ? ಗಿರಣಿಯವರು ತುಂಬಿದ ದಿಂಬು ನೋಡಿದ್ರೆ ನನ್ನ ಕೈ ತುರಿಸುತ್ತೆ. ಒಂದೇ ಒಂದು ದಿಂಬಿಗೆ ಅಂತ ಯಂತ್ರ ಹಾಕಿಬಿಟ್ಟೇನು. ನೀನು ಕೇಳಿದ್ರೆ ಚೆನ್ನಾಗಿದ್ದೀನಿ ಅಂತಾನೇ ಹೇಳೋಳು ನಾನು. ಅದಕ್ಕೆ ದಿನಾ ಸಂಜೆ ಮೇಲೆ ಬರ್ತೀನಿ, ಇವಳು ಎದೆಗೆ ಕಿವಿ ಇಡ್ಲಿ. ಬೆಕ್ಕು ಬಂದಿದ್ರೆ ನಿನಗೆ ಹೇಳ್ಲಿ. ನಾನು ಬೇಡ ಅಂತ ಕಣ್ಣು ಹೊಡೆದ್ರೂ ಹೇಳೋಕೆ ಕಲಿಸು."